ಶಾಂತಪ್ಪಣ್ಣನ ಸ್ವರ ರಿಪೇರಿ

ಯಕ್ಷಿತಾ ಸದ್ದಾಗದಂತೆ ಫ್ರಿಜ್ಜಿನ ಪ್ಲಗ್ ಕಿತ್ತಳು. ಫ್ಯಾನ್ ಆರಿಸಿದಳು. ಕಿಟಕಿಗೆ ಎರಡು ರಜಾಯಿ ಇಳಿಬಿಟ್ಟು, ಬಾಗಿಲ ಕೆಳಗಿನ ಸಂದಿಗೆ ಹಳೆಯ ಸೀರೆ ತುರುಕಿದಳು. ಅಡುಗೆಕಟ್ಟೆಯ ಬಳಿ ಬೀನ್ಸ್ ಮುರಿಯುತ್ತಿದ್ದ ಅವಳ ಅಮ್ಮ ಶೀಲಾವತಿ ಕೈ ನಿಲ್ಲಿಸಿದಳು. ಕಾಯಿ ಮುರಿದರೂ ಮೈಕಿಗೆ ಕೇಳುತ್ತದಂತೆ.

ಕಾಂದಿವಲಿಯ ಈ ಒಂದೇ ಕೋಣೆಯ ಮನೆ ಹಗಲು ಹೊತ್ತು ಸ್ಟುಡಿಯೋ. ಬಟ್ಟೆಯ ಕಪಾಟಿನ ಮುಂದೆ ಮೈಕು. ಅದರ ಮುಂದೆ, ಸ್ಟೂಲಿನ ಮೇಲೆ, ಬೆವರು ಒರೆಸಿಕೊಳ್ಳುತ್ತ ಶಾಂತಪ್ಪಣ್ಣ. ಆಫೀಸುಗಳೇ ತುಂಬಿದ ಫೋರ್ಟಿನಲ್ಲಿ ಅವರದು ಊಟದ ಹೋಟೆಲು. ಯಕ್ಷಿತಾಳ ಅಪ್ಪ ಸೋಮನಾಥ ಅಲ್ಲಿಯ ಅಡುಗೆಯವನು.

"ಹಾಡ್ಲಿಕ್ಕೆ ಅಡ್ಡಿ ಇಲ್ವಾ ಮಗಾ?"

ಅವಳು ತಲೆಯಾಡಿಸಿದಳು.

ಶಾಂತಪ್ಪಣ್ಣ ತಾವೇ ಕಟ್ಟಿದ ದೇವಿಯ ಹಾಡನ್ನು ಎತ್ತಿಕೊಂಡರು. ಮೊದಲ ಸಾಲಿಗೆ ಕೆಳಗಿನ ಮನೆಯ ನಾಯಿ ಎದ್ದು ಬೊಗಳಿತು. ಎರಡನೆಯ ಸಾಲಿಗೆ ಬಿಲ್ಡಿಂಗ್ ಬಿಟ್ಟು ಓಡಿತು.

ಗಲ್ಲಾದ ಹಿಂದೆ ಕೂತು ಅವರು ಈ ಹಾಡನ್ನು ವರ್ಷಗಟ್ಟಲೆ, ದಿನ ತಪ್ಪದೆ ಹಾಡಿದ್ದರು. ಈಗ ಗಂಟಲಲ್ಲಿ ಗಂಟು. ಆಪರೇಷನ್ ಆದಮೇಲೆ ಹಾಡುವ ಮಾತೇ ಇಲ್ಲವೆಂದು ಡಾಕ್ಟರು ಹೇಳಿಬಿಟ್ಟಿದ್ದರು.

"ಇನ್ನು ಮೇಲೆ ನನ್ನ ಬದಲು ಇದು ಹಾಡ್ಬೇಕು," ಎಂದರು ಹಾಡು ಮುಗಿಸಿ. "ಬೆಳಿಗ್ಗೆ ಬೇಡ, ಸಂಜೆ ಬೇಡ. ಮಧ್ಯಾಹ್ನ ಊಟದ ರಶ್ಶಿನಲ್ಲಿ ಮಾತ್ರ. ಮೂಲೆಯ ಟೇಬಲ್ಲಿಗೂ ಮುಟ್ಟಬೇಕು ನೋಡು."

ಎಂಥ ಭಕ್ತಿ ಎಂದುಕೊಂಡಳು ಯಕ್ಷಿತಾ. ಎಂಥ ಹುಚ್ಚು ಎಂದೂ ಅಂದುಕೊಂಡಳು.

ಸೋಮನಾಥನಿಗೆ ಮಾತ್ರ ಸಂಶಯವೇ ಇರಲಿಲ್ಲ. "ಅವರ ಸ್ವರದಲ್ಲಿ ಲಕ್ಷ್ಮಿ ಇದ್ದಾಳೆ ಮಾರಾಯ್ತಿ. ಅವರು ಹಾಡ್ಲಿಕ್ಕೆ ಶುರು ಮಾಡಿದ್ರೆ ನನಗೆ ಅನ್ನ ಬಸಿಯಲಿಕ್ಕೂ ಪುರುಸೊತ್ತಿಲ್ಲ. ಅವರು ಊರಿಗೆ ಹೋದ ದಿನ ನಾನು ಒಲೆ ಮುಂದೆ ತೂಕಡಿಸೋದು." ಆಮೇಲೆ ದನಿ ಇಳಿಸಿದ. "ಅವರಿಗೆ ಇದು ಸರಿಹೋದ್ರೆ ನಿನ್ನ ಸ್ಟುಡಿಯೋ ಇರಲಿ. ಇಲ್ಲಾಂದ್ರೆ ಕಂಪ್ಯೂಟರ್ ಮಾರ್ತೇನೆ. ನೀನು ಪಾರ್ಸೆಲ್ ಕೌಂಟರಿಗೆ ಬಾ."

ಪಾರ್ಸೆಲ್ ಕೌಂಟರ್ ಎಂದರೆ ಇಡೀ ದಿನ ಗುರುತಿಲ್ಲದವರ ಹತ್ತಿರ ಮಾತಾಡಬೇಕು. ಅದರ ಬದಲು ಆ ಗಂಟಲಿನ ಆಪರೇಷನ್ ತನಗೇ ಆಗಿದ್ದರೆ ವಾಸಿ ಅನ್ನಿಸಿತು ಯಕ್ಷಿತಾಳಿಗೆ.

ಹೆಡ್‌ಫೋನ್ ಹಾಕಿ ಕೂತಳು. ಶಾಲೆ ಬಿಟ್ಟಮೇಲೆ ಅವಳ ಮೇಷ್ಟ್ರುಗಳೆಲ್ಲ ಯೂಟ್ಯೂಬಿನಲ್ಲೇ ಇದ್ದರು. ಒಬ್ಬೊಬ್ಬನದೂ ಒಂದೊಂದು ಮಂತ್ರ. ಉಸಿರು ಕತ್ತರಿಸು ಎಂದ ಒಬ್ಬ. ಕತ್ತರಿಸಿದಳು. ಮೂಗಿನ ದನಿ ತಗ್ಗಿಸು ಎಂದ ಇನ್ನೊಬ್ಬ. ತಗ್ಗಿಸಿದಳು, ಹಾಡಿನಲ್ಲಿ ಅರ್ಧ ಮಾತ್ರ ಉಳಿಯಿತು. ಜಾರಿದ ಶ್ರುತಿಯನ್ನು ಒಂದೊಂದೇ ಅಕ್ಷರ ಹಿಡಿದು ಮೇಲೆತ್ತಿದಳು. ಹಿಂದೆ ತಂಬೂರಿ ಸೇರಿಸಿದಳು. ಕೊನೆಗೆ, ಕಲ್ಲಿನ ಗುಡಿಯೊಳಗೆ ಹಾಡಿದಂತೆ ಕೇಳಿಸುವ ಗುಂಡಿ ಒತ್ತಿದಳು.

ಆಸ್ಪತ್ರೆಗೆ ಸೇರುವ ಮುನ್ನ ಶಾಂತಪ್ಪಣ್ಣ ಕೇಳಲು ಬಂದರು. ಹೆಡ್‌ಫೋನ್ ಹಾಕಿಕೊಂಡವರು ಸುತ್ತ ನೋಡಿದರು.

"ಇದ್ಯಾರು?"

"ನೀವೇ ಅಣ್ಣಾ."

"ನಾನಾ?" ಅವರ ಮುಖ ಸಣ್ಣದಾಯಿತು. "ಬೇಡ ಮಗಾ. ಇಷ್ಟು ಸಾಫ್ ಬೇಡ. ನನ್ನ ಗಿರಾಕಿಗಳಿಗೆ ನನ್ನ ಸ್ವರದ್ದೇ ಅಭ್ಯಾಸ. ಮೊದಲು ಹಾಡಿದ್ದುಂಟಲ್ಲ, ಅದೇ ಸಾಕು."

ಎಂಥ ವಿನಯ! ದೊಡ್ಡ ಮನುಷ್ಯರು ಹೀಗೇ ಎಂದುಕೊಂಡಳು. ತನಗೇನು ಬೇಕೆಂಬುದು ಗಿರಾಕಿಗೇ ಗೊತ್ತಿರುವುದಿಲ್ಲ ಎಂದು ಯೂಟ್ಯೂಬಿನ ಮೇಷ್ಟ್ರು ಬೇರೆ ಹೇಳಿದ್ದ. ಹೂಂ ಎಂದು ಕಳಿಸಿಕೊಟ್ಟು, ಒಂದು ಕೊಳಲನ್ನೂ ಸೇರಿಸಿದಳು. ಮೊದಲಿನ ಹಸಿ ರೆಕಾರ್ಡಿಂಗನ್ನು ಅಳಿಸಿಹಾಕಿದಳು. ಯಾರಾದರೂ ಕೇಳಿದರೆ ಯಜಮಾನರ ಮರ್ಯಾದೆ ಏನಾಗಬೇಕು? ಪೆನ್‌ಡ್ರೈವ್ ಅಪ್ಪನ ಕಿಸೆ ಸೇರಿತು.

ಆಪರೇಷನ್ ಮುಗಿಸಿ ಶಾಂತಪ್ಪಣ್ಣ ಹೋಟೆಲಿಗೆ ಮರಳಿದ ದಿನವೇ ಅವಳಿಗೆ ಕರೆ ಬಂತು.

ಅವಳು ಮುಟ್ಟುವಾಗ ಸರಿಯಾಗಿ ಊಟದ ಹೊತ್ತು. ಆಫೀಸಿನವರ ಸಾಲು ಬಾಗಿಲು ದಾಟಿ ಫುಟ್‌ಪಾತಿನುದ್ದಕ್ಕೂ ಬೆಳೆದಿತ್ತು. ಯಕ್ಷಿತಾಳ ಎದೆ ಹಿಗ್ಗಿತು. ಒಳಗೆ ಅವಳ ಹಾಡು. ಅಲ್ಲ, ಶಾಂತಪ್ಪಣ್ಣನ ಹಾಡು. ತಟ್ಟೆ ತೊಳೆದಂತೆ ಖಾಲಿ ಮಾಡಿದವರೂ ಕಣ್ಣು ಮುಚ್ಚಿ ಕೂತಿದ್ದರು. ಬ್ಯಾಂಕಿನ ಐಡಿ ಕಾರ್ಡು ಕೊರಳಿಗೆ ಹಾಕಿಕೊಂಡವನೊಬ್ಬ ಕರವಸ್ತ್ರದಿಂದ ಕಣ್ಣೊತ್ತಿಕೊಂಡ. ಅವನ ಕುರ್ಚಿಯ ಬೆನ್ನು ಹಿಡಿದು ನಿಂತಿದ್ದವನು ಗಡಿಯಾರ ನೋಡಿ ವಾಪಸು ಹೋದ. ಹಾಡು ಮುಗಿಯಿತು. "ಏಕ್ ಬಾರ್ ಔರ್," ಎಂದಿತು ಮೂಲೆಯ ಟೇಬಲ್. ಮತ್ತೆ ಶುರುವಾಯಿತು. ಅಡುಗೆಮನೆಯ ಕಿಂಡಿಯಲ್ಲಿ ಸೋಮನಾಥ ಕೈಕಟ್ಟಿ ನಿಂತಿದ್ದ.

ಕುತ್ತಿಗೆಗೆ ಮಫ್ಲರ್ ಸುತ್ತಿದ್ದ ಶಾಂತಪ್ಪಣ್ಣ ಗಲ್ಲಾದಿಂದ ಕೈಬೀಸಿ ಕರೆದರು. ಹೊಗಳಿಕೆಗೆ ಸಿದ್ಧಳಾಗಿ ಅವಳು ತಲೆ ತಗ್ಗಿಸಿ ನಿಂತಳು.

"ಉಣ್ಣಲಿಕ್ಕೆ ಕೂತವರನ್ನು ಏಳಿ ಅನ್ನಬಾರದು ಮಗಾ," ಎಂದರು ಗಾಳಿಯಂಥ ದನಿಯಲ್ಲಿ. "ನಮ್ಮ ಧಂದೆಯಲ್ಲಿ ಅದು ಪಾಪ. ನನ್ನ ಬಾಯಲ್ಲಿ ಇವತ್ತಿನವರೆಗೆ ಆ ಮಾತು ಬಂದದ್ದಿಲ್ಲ. ನಾನು ಹಾಡ್ತಿದ್ದೆ. ಅವರಾಗೇ ಎದ್ದು ಹೋಗ್ತಿದ್ರು."

ಅವರು ಗಲ್ಲಾ ಬಿಟ್ಟು ಇಳಿದರು. ಕಣ್ಣು ಮುಚ್ಚಿದ್ದ ಮೊದಲ ಟೇಬಲ್ಲಿನ ಮುಂದೆ ನಿಂತು, ಕೈಮುಗಿದು, ಇದ್ದಬದ್ದ ಗಂಟಲನ್ನೆಲ್ಲ ಕೂಡಿಸಿಕೊಂಡರು.

"ಊಟ ಆಗಿದ್ದರೆ, ಸ್ವಲ್ಪ ಏಳ್ತೀರಾ ಸ್ವಾಮೀ?"