ಬಾವಿಯ ಬಳಿಯ ಗುದ್ದಲಿ

ಮೊನ್ನೆ ನರ್ಸರಿಯಲ್ಲಿ ನೀಲಿ ಅಗಪಾಂಥಸ್ ಅರಳಿದ್ದನ್ನು ಕಂಡಾಗ, ಐವತ್ತರ ದಶಕದ, ನಮ್ಮೂರು ಹಂಗಳದ ಮನೆಯ ಹಿತ್ತಲು ನೆನಪಾಯಿತು.

ಊಟಿಯ ಬಂಗಲೆಯೊಂದರಲ್ಲಿ ಮಾಲಿಯಾಗಿದ್ದ ಚಿಕ್ಕಪ್ಪ ಅದರ ಗೆಡ್ಡೆ ತಂದುಕೊಟ್ಟಿದ್ದರು. ಬಾವಿಕಟ್ಟೆಯ ಪಕ್ಕ ನೆಟ್ಟ ಅಜ್ಜಿ, ಮೂರು ವರ್ಷ ಕಾದು ಹೂ ಕಂಡಿದ್ದಳು. ಉದ್ದನೆಯ ದಂಟಿನ ತುದಿಯಲ್ಲಿ ದುಂಡನೆಯ ನೀಲಿ ಗೊಂಚಲು. ನನಗೂ ಮುಟ್ಟಗೊಡುತ್ತಿರಲಿಲ್ಲ.

ನಮ್ಮ ಹೊಲದ ಕಳೆ ಕೀಳಲು ಬರುತ್ತಿದ್ದ ಸಿದ್ದಮ್ಮ ಒಂದು ದಿನ, "ನಂಗೂ ಒಂದು ಮರಿ ಕೊಡ್ರವ್ವ" ಎಂದು ಕೇಳಿದಳು.

"ಕೇಳಿ ಈಸ್ಕಂಡ ಗಿಡ ಬದುಕ್ತದಾ? ಕೊಡಾಕಿಲ್ಲ ಬುಡು," ಎಂದ ಅಜ್ಜಿ, "ಉಂಡ್ಬುಟ್ಟು ನಾನು ಒಸಿ ಮನೀಕತೀನಿ. ಗುದ್ಲಿ ಬಾವಿ ತಾವೇ ಅದೆ" ಎಂದಳು.

ಮಧ್ಯಾಹ್ನ ಸಿದ್ದಮ್ಮ ಬಿಳಿ ಬೇರಿನ ಗೆಡ್ಡೆಯೊಂದನ್ನು ಕಿತ್ತು ಮಡಿಲಿಗೆ ಹಾಕಿಕೊಳ್ಳುವುದನ್ನು ನಾನು ನೋಡಿದೆ. "ಕಳ್ಳಿ, ಕಳ್ಳಿ" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದೆ. ಅಕ್ಕಪಕ್ಕದವರು ಬೇಲಿಯ ಹತ್ತಿರ ಬಂದು ನಿಂತರು. ಸಿದ್ದಮ್ಮ ಗೆಡ್ಡೆಯನ್ನು ಮೆಲ್ಲಗೆ ನೆಲಕ್ಕಿಟ್ಟು, ಸೆರಗಿನ ಮಣ್ಣು ಕೊಡವಿಕೊಂಡು ಹೋದಳು.

ಜಗುಲಿಯ ಮೇಲೆ ಕಣ್ಣು ಮುಚ್ಚಿ ಮಲಗಿದ್ದ ಅಜ್ಜಿ ಎದ್ದು ಕೂತಳು. ಬಯ್ಯಲಿಲ್ಲ.

"ಕದ್ದು ತಕ್ಕಂಡೋದ ಗಿಡಾನೇ ಕಣಮ್ಮಿ ಚಂದಾಗಿ ಬರಾದು. ನಾನೇನು ನಿದ್ದೆ ಮಾಡ್ತಿದ್ನಾ?"

"ಹಂಗಾರೆ ನಾನೇ ಓಗಿ ಕೊಟ್ಬರ್ಲಾ?"

"ಕೊಟ್ಟುದ್ದು ಬದುಕಾಕಿಲ್ವಲ್ಲ," ಎಂದಳು ಅಜ್ಜಿ.

ಆಮೇಲೆ ಸಿದ್ದಮ್ಮ ಹೊಲಕ್ಕೆ ಬಂದಳೇ ಹೊರತು ಹಿತ್ತಲಿಗೆ ಕಾಲಿಡಲಿಲ್ಲ. ಪ್ರತಿ ವರ್ಷ ಆ ಹೂ ಅರಳಿದಾಗ, ಅಜ್ಜಿ ಗುದ್ದಲಿಯನ್ನು ಬಾವಿಯ ಬಳಿ ಇಟ್ಟು, ಮಧ್ಯಾಹ್ನವೆಲ್ಲ ಕಣ್ಣು ಮುಚ್ಚಿಕೊಂಡು ಮಲಗಿರುತ್ತಿದ್ದಳು.