ಬಾಯಿ ಕಟ್ಟದ ಚೀಲ

ಯಾರೋ ಮತ್ತೆ ಚೀಲಕ್ಕೆ ಕೈ ಹಾಕಿದ್ದರು.

ಬಸವಲಿಂಗಮ್ಮ ಮಂಚದ ಕೆಳಗಿನಿಂದ ಅದನ್ನು ಎಳೆದು ನೋಡಿದಳು. ನಿನ್ನೆ ತಾನೇ ಒಗೆದು, ಮಡಿಸಿ ಇಟ್ಟಿದ್ದ ತನ್ನ ಹಳೆಯ ಹತ್ತಿ ಸೀರೆ ಮುದುಡಿ ಮೂಲೆ ಸೇರಿತ್ತು. ಮೇಲೆ ಒಂದೆರಡು ನರೆಗೂದಲು. ಬೆಳಕಿಗೆ ಹಿಡಿದಳು. ಗಂಡ ವೃಷಭೇಂದ್ರಪ್ಪನ ತಲೆ ಬೋಳು. ಅವಳ ತಲೆ ಯುಗಾದಿಯಿಂದೀಚೆಗೆ ಕಪ್ಪೋ ಕಪ್ಪು. ಉಳಿದ ನರೆತ ತಲೆ ಮನೆಯಲ್ಲಿ ಒಂದೇ, ಬೀಗಿತ್ತಿ ಸಿದ್ದಗಂಗಮ್ಮನದು.

ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕಾದದ್ದು ಪದ್ಧತಿ. ಆದರೆ ಮಾಗಡಿ ರಸ್ತೆಯ ತುಂಬ ಹಂಪು, ಡಾಕ್ಟರು ಇರುವುದು ರಾಮನಗರದಲ್ಲಿ ಎಂದು ಬಸವಲಿಂಗಮ್ಮ ಸೊಸೆ ಶ್ರುತಿಯನ್ನು ಅಕ್ಕೂರಿನಲ್ಲೇ ಉಳಿಸಿಕೊಂಡಿದ್ದಳು. ಮಗಳು ಬರದಿದ್ದರೆ ತವರೇ ಬರುತ್ತದೆ ಎಂದು ಸಿದ್ದಗಂಗಮ್ಮ ಮಾಗಡಿಯಿಂದ ಬಂದಿಳಿದಳು. ಜೊತೆಗೆ ಅವಳದೂ ಒಂದು ಹೆರಿಗೆ ಚೀಲ.

ಹುಟ್ಟಿದ ಮಗುವನ್ನು ಮೊದಲು ಯಾರ ಹಳೇ ಸೀರೆಯಲ್ಲಿ ಸುತ್ತುತ್ತಾರೋ ಅವರ ಗುಣವೇ ಮಗುವಿಗೆ ಬರುತ್ತದೆ. ಇಬ್ಬರು ಅಜ್ಜಿಯರೂ ಜಗಳವಿಲ್ಲದೆ ಒಪ್ಪಿದ್ದ ಮಾತು ಇದೊಂದೇ. ಮಗ ಶಶಿಕಿರಣ್ ಹುಟ್ಟಿದಾಗ ಬಸವಲಿಂಗಮ್ಮನ ಅತ್ತೆ ತನ್ನ ಸೀರೆಯನ್ನು ಮುಂದೆ ಚಾಚಿ ಗೆದ್ದಿದ್ದಳು. ಹೆತ್ತ ಮಗ ಎದುರುತ್ತರ ಕೊಟ್ಟಾಗಲೆಲ್ಲ ಆ ಸೀರೆ ನೆನಪಾಗಿ ಇಂದಿಗೂ ಹೊಟ್ಟೆ ಉರಿಯುತ್ತಿತ್ತು. ಈ ಸಲ ಸೋಲುವ ಮಾತೇ ಇರಲಿಲ್ಲ.

ಇನ್ನೊಂದು ನಿಯಮವೂ ಇತ್ತು. ಅದು ಅವಳೊಬ್ಬಳದೇ. ಒಮ್ಮೆ ಶಶಿಕಿರಣ್ ಚೀಲದ ಜಿಪ್ ಎಳೆದದ್ದೇ ತಡ, ಹಾರಿ ಬಿದ್ದಳು.

"ಬುಡೋ ಕೈ! ಹೆರಿಗೆ ಚೀಲದ ಬಾಯಿ ಕಟ್ಟಿದ್ರೆ ಹೆರಿಗೇನೂ ಕಟ್ಕತದೆ."

ಅಂದಿನಿಂದ ಮನೆಯ ಬೀರು, ಪೆಟ್ಟಿಗೆ, ಸೊಸೆಯ ಜಡೆ ಎಲ್ಲವೂ ಬಿಚ್ಚಿಕೊಂಡಿದ್ದವು. ಸಿದ್ದಗಂಗಮ್ಮನ ಚೀಲಕ್ಕೆ ಮಾತ್ರ ಜಿಪ್ಪೂ ಇತ್ತು, ಅದರ ಮೇಲೊಂದು ಪುಟ್ಟ ಬೀಗವೂ ಇತ್ತು.

ಈಗ ಬಸವಲಿಂಗಮ್ಮ ನರೆಗೂದಲು ಹಿಡಿದು ಅಡುಗೆಮನೆಗೆ ನುಗ್ಗಿದಳು. "ಇದ್ಯಾರ್ದು ಬೀಗಿತ್ತೀ?"

"ನಂಗೇನ್ ಗೊತ್ತು? ಬಾಯಿ ತೆಗೆದು ಮಡಗಿರೋ ಚೀಲಕ್ಕೆ ಯಾರ್ ಬೇಕಾದ್ರೂ ಬತ್ತಾರೆ," ಎಂದಳು ಸಿದ್ದಗಂಗಮ್ಮ, ಒಗ್ಗರಣೆ ಬಿಡದೆ.

"ರಾತ್ರಿ ಹಾಲಿನ ಕೆನೆ ಹೋಯ್ತಲ್ಲ, ಅದೂ ಹಂಗೇನಾ?"

"ಕೆನೆ ತಿನ್ನಕ್ಕೆ ಮಾಗಡಿಯಿಂದ ಬರ್ಬೇಕಾ ನಾನು?"

ಅಷ್ಟರಲ್ಲಿ ವೃಷಭೇಂದ್ರಪ್ಪ ರೇಷ್ಮೆ ಹುಳುಮನೆಯಿಂದ ಗೊಣಗುತ್ತ ಬಂದ. "ಇಲಿ ಕಾಟ ವಿಪರೀತ ಆಗೋಗೈತೆ ಕಣೇ. ಆ ಬೆಕ್ಕು ತಿಂದು ತಿಂದು ಸೋಮಾರಿ ಆಗ್ಬುಟ್ಟೈತೆ. ಕಾವಲು ಬುಟ್ಟು ಎಲ್ಲೋ ಬಿದ್ಕಂಡಿರ್ತದೆ."

"ಮನೆ ಒಳಗೇ ಇಷ್ಟ್ ದೊಡ್ಡ ಇಲಿ ಓಡಾಡ್ತೈತೆ, ನಿಮಗೆ ಹುಳುಮನೆ ಇಲಿ ಚಿಂತೆ," ಎಂದು ಅವಳು ಬೀಗಿತ್ತಿಯ ಕಡೆ ಕಣ್ಣು ಹೊರಳಿಸಿದಳು. ಸೀರೆಯನ್ನು ಮತ್ತೆ ಮಡಿಸಿ, ಚೀಲವನ್ನು ಮಂಚದ ಕೆಳಗೆ, ಗೋಡೆ ಪಕ್ಕದ ಕತ್ತಲೆಗೆ ತಳ್ಳಿದಳು.

ಮರುದಿನ ಬೆಳಗಾಗುತ್ತಲೇ ಶ್ರುತಿಗೆ ನೋವು ಶುರುವಾಯಿತು. ಬಸವಲಿಂಗಮ್ಮ ಮೊದಲು ಓಡಿದ್ದು ಚೀಲಕ್ಕೆ. ಎತ್ತಿದರೆ ಭಾರ. ಬೀಗಿತ್ತಿ ರಾತ್ರೋರಾತ್ರಿ ತನ್ನ ಸೀರೆಯನ್ನೂ ಇದರಲ್ಲೇ ತುರುಕಿದ್ದಾಳೆ, ಅನುಮಾನವೇ ಇಲ್ಲ. ಆದರೆ ಕೆದಕುತ್ತ ಕೂತರೆ ಅವಳ ಚೀಲ ಮೊದಲು ಕಾರು ಹತ್ತುತ್ತದೆ. ಮೇಲೊಂದು ಟವೆಲ್ ಹೊದಿಸಿ, ಡಿಕ್ಕಿಯಲ್ಲಿ ತಾನೇ ಜೋಪಾನವಾಗಿ ಇಟ್ಟಳು.

ಕಾರು ಗೇಟು ದಾಟುವಷ್ಟರಲ್ಲಿ ಮನೆಯ ಬೆಕ್ಕೇ ಅಡ್ಡ ಬಂತು.

"ನಿಲ್ಸೋ! ಅಪಶಕುನ." ಎಲ್ಲರೂ ನೀರು ಕುಡಿದು ಕೂತರು. ಹೊರಟರು. ಬೆಕ್ಕು ಮತ್ತೆ ಚಕ್ರದ ಮುಂದೆ ಬಂದು ನಿಂತು ಅರಚಿತು.

"ಮಾದಪ್ಪಾ, ಯಾರ ಕಾಲ್ಗುಣವಪ್ಪಾ ಇದು!" ಬಸವಲಿಂಗಮ್ಮ ಸಿದ್ದಗಂಗಮ್ಮನನ್ನು ನೋಡಿದಳು. "ಒಸಿ ತಡ್ಕೊ ಶ್ರುತಿ."

"ಅತ್ತೇ, ನೋವು ಬಂದಿರೋದು ನನಗೆ, ಬೆಕ್ಕಿಗಲ್ಲ!" ಎಂದು ಶ್ರುತಿ ಕಿರುಚಿದಳು. ಶಶಿಕಿರಣ್ ಬೆಕ್ಕನ್ನು ಅಟ್ಟಿ ಕಾರು ಓಡಿಸಿದ. ಅದು ಊರ ಬಾಗಿಲವರೆಗೂ ಹಿಂದೆ ಓಡಿಬಂತು.

ರಾಮನಗರದ ಆಸ್ಪತ್ರೆಯಲ್ಲಿ ಹೆಚ್ಚು ಕಾಯಿಸದೆ ಹೆಣ್ಣು ಮಗು ಹುಟ್ಟಿತು. ತಾಯಿ ಮಗು ಕ್ಷೇಮ. ಬಸವಲಿಂಗಮ್ಮನ ಕಣ್ಣಲ್ಲಿ ನಿಜಕ್ಕೂ ನೀರು ಬಂತು. ಬಂದ ನೀರು ಕೆಳಗೆ ಬೀಳುವ ಮೊದಲೇ ನರ್ಸ್ ಬಾಗಿಲು ತೆರೆದಳು.

"ಮಗೂನ ಸುತ್ತಕ್ಕೆ ಹಳೇ ಬಟ್ಟೆ ಕೊಡಿ, ಬೇಗ."

ಸಿದ್ದಗಂಗಮ್ಮ ಸೆರಗಿನ ಗಂಟಿನಲ್ಲಿ ಬೀಗದ ಕೈ ಹುಡುಕಿದಳು. ಗಂಟು ಬಿಚ್ಚಲಿಲ್ಲ.

"ನೋಡುದ್ರಾ, ಬಾಯಿ ಕಟ್ಟಿದ ಚೀಲದ ಗತಿ?" ಬಸವಲಿಂಗಮ್ಮ ತನ್ನ ಚೀಲವನ್ನು ನರ್ಸಿನ ಮುಂದೆ ದಬ್ಬಿದಳು. "ಕೈ ಹಾಕಮ್ಮ, ಕೈ ಹಾಕು. ಒಳಗಿರೋದೆಲ್ಲ ನಂದೇ."

ನರ್ಸ್ ಕೈ ಹಾಕಿದಳು. ಹಾಕಿದ ಕೈಯನ್ನು ಚೀರಿ ಹೊರಗೆಳೆದುಕೊಂಡಳು.

ಅಷ್ಟರಲ್ಲಿ ಬೀಗ ಕಟಕ್ ಎಂದಿತು. ಮಾಗಡಿಯ ಹಳೇ ಸೀರೆ ಮಡಿಕೆ ಮುರಿಯದೆ ಒಳಗೆ ಹೋಯಿತು. ಮಗು ಅದರಲ್ಲಿ ಸುತ್ತಿಕೊಂಡು ಸದ್ದಿಲ್ಲದೆ ನಿದ್ದೆ ಹೋಯಿತು.

ಬಸವಲಿಂಗಮ್ಮ ಟವೆಲ್ ಸರಿಸಿದಳು: ಅವಳ ಹಳೇ ಸೀರೆಯಲ್ಲಿ ಮೊದಲು ಸುತ್ತಿಕೊಂಡಿದ್ದ, ಇನ್ನೂ ಕಣ್ಣು ಬಿಡದ ಮೂರು ಬೂದು ಬೆಕ್ಕಿನ ಮರಿಗಳು, ಥೇಟ್ ಅವಳದೇ ಗುಣ, ಜಾಗಕ್ಕಾಗಿ ಒಂದನ್ನೊಂದು ಒದೆಯುತ್ತ ಅರಚುತ್ತಿದ್ದವು.