ಅಪ್ಪನ ಕಷ್ಟದ ಪದಗಳು

"ನಾಳೆ ಆ ನೋಂದಣಿ ಆಫೀಸಿನಲ್ಲಿ ನಿನ್ನ ಬಾಯಿಂದ ಒಂದೇ ಒಂದು ಇಂಗ್ಲಿಷ್ ಪದ ಬಂದರೂ ನಾನು ಎದ್ದು ಹೋಗ್ತೀನಪ್ಪಾ. ಮದುವೆಯೂ ಬೇಡ, ಏನೂ ಬೇಡ."

ಅವಳು ಬಾಗಿಲಿನಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ ನಡೆಯುತ್ತಿದ್ದಳು. ಸಂಜೆ ಕೆಲಸದಿಂದ ಬಂದವಳು ಚಪ್ಪಲಿಯನ್ನೂ ಬಿಟ್ಟಿರಲಿಲ್ಲ. ಅಪ್ಪ ಮೇಜಿನ ಮುಂದೆ ಕೂತು, ಬೆನ್ನು ಕಿತ್ತ ದಪ್ಪ ನಿಘಂಟೊಂದಕ್ಕೆ ಅಂಟು ಸವರುತ್ತಿದ್ದ.

ಗ್ರಂಥಾಲಯದ ಹಳೆಯ ಪುಸ್ತಕಗಳಿಗೆ ಹೊಲಿಗೆ ಹಾಕಿ ಹೊಸ ರಟ್ಟು ಕಟ್ಟುವುದು ಅವನ ಕೆಲಸ. ಬಂದ ಕಟ್ಟಿನಲ್ಲಿ ಇಂಗ್ಲಿಷ್ ನಿಘಂಟು ಇದ್ದರೆ ಮುಗಿಯಿತು. ಅದು ವಾಪಸು ಹೋಗುವುದರೊಳಗೆ ಅರ್ಧ ಅವನ ತಲೆ ಸೇರಿರುತ್ತಿತ್ತು. ಅದೂ ಯಾರೂ ಕೇಳರಿಯದ ಪದಗಳೇ ಆಗಬೇಕು. ಬೀದಿಯಲ್ಲಿ ಅವನ ಅಡ್ಡಹೆಸರು ಡಿಕ್ಷನರಿ.

ಅವಳೋ, ಬಸ್ ನಿಲ್ದಾಣದಲ್ಲಿ ಮೈಕ್ ಹಿಡಿದು ಬಸ್ಸುಗಳ ಹೊತ್ತು ಹೇಳುವವಳು. ಎಂಥ ಗದ್ದಲದಲ್ಲೂ ಜನಕ್ಕೆ ಅರ್ಥವಾಗುವಂತೆ ಮಾತಾಡುವುದೇ ಅವಳ ಅನ್ನ. ಅಂಥವಳ ಅಪ್ಪ ನೆಗಡಿಯಾದರೆ "ನನ್ನ ಪ್ರೊಬಾಸಿಸ್ ಕಟ್ಟಿದೆ" ಎನ್ನುತ್ತಿದ್ದ. ಪ್ರೊಬಾಸಿಸ್ ಎಂದರೆ ಆನೆಯ ಸೊಂಡಿಲಂತೆ! ಕೊಡೆ ಬೇಕಾದರೆ "ಹೊರಗೆ ಪ್ಲೂವಿಯಲ್ ಶುರುವಾಯ್ತು" ಎನ್ನುತ್ತಿದ್ದ. ಚಿಕ್ಕವಳಿದ್ದಾಗ ಅವಳಿಗೆ ಹೊಟ್ಟೆ ಹುಣ್ಣಾಗುವಷ್ಟು ನಗು. ಈಗ ಕೇಳಿದರೆ ಮೈ ಉರಿಯುತ್ತಿತ್ತು.

ಕಳೆದ ವಾರ ಹುಡುಗನ ತಾಯಿ ಬಂದಿದ್ದರು. ಹುಡುಗ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಊರವರ ಬಟ್ಟೆ ಹೊಲಿದು ಅವನನ್ನು ಸಾಕಿದಾಕೆ ಅವರು. ಅಪ್ಪ ಬಾಗಿಲಲ್ಲಿ ನಿಂತು, "ನಮ್ಮ ಡೊಮಿಸೈಲ್‌ಗೆ ಬನ್ನಿ, ಬನ್ನಿ" ಎಂದ. ಆಕೆ ಹೊಸಿಲಲ್ಲೇ ತಡೆದರು.

"ಇವಳೇ ನಮ್ಮ ಪ್ರಾಜೆನಿ. ನಪ್ಶಲ್ಸ್ ಸರಳವಾಗಿ ಆಗಲಿ ಅಂತ ನನ್ನಾಸೆ."

ಆಕೆ ಗಾಬರಿಯಿಂದ ಕಾಫಿ ಲೋಟ ಕೆಳಗಿಟ್ಟರು. "ಅಯ್ಯೋ, ಅದೇನು ಕಾಯಿಲೆ?"

"ಮದುವೆ! ಮಗಳ ಮದುವೆ ಅಂದಿದ್ದು ಇವರು" ಎನ್ನುತ್ತಾ ಅಮ್ಮ ಅಡುಗೆಮನೆಯಿಂದ ಓಡಿಬಂದಳು. ಅಪ್ಪನ ಮಾತಿನ ಹಿಂದೆ ಅಮ್ಮ ಯಾವಾಗಲೂ ಹೀಗೆ ಓಡಿಬರುತ್ತಿದ್ದಳು.

ಹೊರಡುವಾಗ ಆಕೆ ಅವಳ ಕೈ ಹಿಡಿದುಕೊಂಡರು. "ನಿಮ್ಮಪ್ಪ ದೊಡ್ಡೋರು ತಾಯಿ. ನಾನು ಓದಿದೋಳಲ್ಲ ಅನ್ನೋದು ನನಗೆ ಗೊತ್ತಾಗಲಿ ಅಂತಾನೇ ಹಾಗೆ ಮಾತಾಡಿದ್ರೇನೋ."

ಆ ಮಾತು ಏಳು ದಿನದಿಂದ ಅವಳನ್ನು ಕೂತಲ್ಲಿ ಕೂರಲು ಬಿಟ್ಟಿರಲಿಲ್ಲ.

ಈಗ ಅಪ್ಪ ಅಂಟಿನ ಕುಂಚ ಕೆಳಗಿಟ್ಟ. "ಒಂದೂ ಬೇಡ್ವಾ?"

"ಒಂದೂ ಬೇಡ. ಇಂಗ್ಲಿಷೂ ಬೇಡ, ಪುಸ್ತಕದ ಕನ್ನಡವೂ ಬೇಡ. ಎಲ್ಲರ ಹಾಗೆ ಮಾತಾಡೋಕೆ ನಿನಗೇನು ಕಷ್ಟ?"

"ಅದೊಂದು ಬಿಟ್ಟು ಬೇರೆ ಏನಾದರೂ ಕೇಳೇ" ಎಂದಳು ಅಮ್ಮ.

"ಅಪ್ಪನ್ನ ತಲೆ ಮೇಲೆ ಕೂರಿಸಿರೋದೇ ನೀನು!"

ಅಪ್ಪ ನಿಘಂಟನ್ನು ಬದಿಗೆ ಸರಿಸಿದ. "ಆಯ್ತು ಪುಟ್ಟಿ. ಒಂದೂ ಬಳಸಲ್ಲ."

ಮರುದಿನ ನೋಂದಣಿ ಕಚೇರಿಯ ಪಡಸಾಲೆಯಲ್ಲಿ ಸರತಿ ಉದ್ದವಿತ್ತು. ಹುಡುಗ ಅಂಗಿಯ ಕಾಲರು ಸಡಿಲಿಸಿಕೊಳ್ಳುತ್ತಿದ್ದ. ಅವನ ತಾಯಿ ಬೆಂಚಿನ ತುದಿಯಲ್ಲಿ ಮುದುಡಿ ಕೂತಿದ್ದರು. ಅಪ್ಪ ಕೂರಲೇ ಇಲ್ಲ. ಪಡಸಾಲೆಯ ಕೊನೆಗೆ ಹೋಗುವುದು, ಬರುವುದು, ಗೋಡೆಯತ್ತ ತಿರುಗಿ ತುಟಿ ಆಡಿಸುವುದು. ಕೊಟ್ಟ ಮಾತು ಮುರಿಯಲು ಹೊಸ ಪದ ಉರುಹೊಡೆಯುತ್ತಿದ್ದಾನೆ ಎಂದುಕೊಂಡಳು ಅವಳು.

ಅವರ ಸರದಿ ಬಂತು. ಅಧಿಕಾರಿ ತಲೆ ಎತ್ತಲಿಲ್ಲ.

"ಹುಡುಗಿ ಕಡೆ ಸಾಕ್ಷಿ?"

ಅಪ್ಪ ಮುಂದೆ ಬಂದ. ಹೆಸರು ಕೇಳಿದರು, ಹೇಳಿದ. ಕೆಲಸ ಕೇಳಿದರು, "ಪುಸ್ತಕ ಹೊಲಿಯೋದು" ಎಂದ. ಸಲೀಸಾಗಿ, ಎಲ್ಲರ ಹಾಗೆ. ಅವಳು ಉಸಿರು ಬಿಟ್ಟಳು.

"ಹುಡುಗಿ ನಿಮಗೆ ಏನಾಗಬೇಕು?"

ಅಪ್ಪ ಬಾಯಿ ತೆರೆದ. ಮುಚ್ಚಿದ.

"ಸಾರ್, ಅವಳು ನಮ್ಮ..." ಎಂದು ಅಮ್ಮ ಎದ್ದಳು.

"ನಿಮ್ಮನ್ನ ಕೇಳಲಿಲ್ಲ. ಸಾಕ್ಷಿ ಸ್ವಂತ ಬಾಯಲ್ಲಿ ಹೇಳಬೇಕು." ಅಧಿಕಾರಿ ಈಗ ತಲೆ ಎತ್ತಿದರು. "ಸಂಬಂಧ ಹೇಳೋಕೂ ಇಷ್ಟು ಯೋಚನೆಯಾ? ಈ ಮದುವೆ ನಿಮಗೆ ಇಷ್ಟ ಇದೆಯೋ ಇಲ್ಲವೋ?"

ಹುಡುಗನ ತಾಯಿಯ ಮುಖ ಕಪ್ಪಿಟ್ಟಿತು. ಅವಳಿಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಅಪ್ಪನ ಕಿವಿಯ ಹತ್ತಿರ ಬಗ್ಗಿ ಹಲ್ಲು ಕಚ್ಚಿ ಹೇಳಿದಳು: "ಸುಲಭದ ಪದ ಅಪ್ಪಾ. ಮಗುವಿಗೂ ಗೊತ್ತಿರೋ ಪದ. ಹೇಳು."

ಅಮ್ಮ ಮತ್ತೆ ಏನೋ ಹೇಳಹೊರಟಳು. ಅಪ್ಪ ಕೈ ಎತ್ತಿ ತಡೆದ. ಮೇಜಿನ ಅಂಚು ಹಿಡಿದುಕೊಂಡ. ಕಣ್ಣು ಮುಚ್ಚಿದ.

"ಮ್..."

ತುಟಿಗಳು ಅಂಟು ಹಾಕಿದ ಹಾಗೆ ಕೂಡಿಕೊಂಡವು. ಕತ್ತಿನ ನರ ಉಬ್ಬಿತು.

"ಮ್... ಮ್... ಮ್..."

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಹುಡುಗನ ತಾಯಿ ತಿರುಗಿ ಅವರನ್ನು ದುರುಗುಟ್ಟಿ ನೋಡಿ, ಅಪ್ಪನ ಪಕ್ಕಕ್ಕೆ ಬಂದು ನಿಂತರು. ಅಧಿಕಾರಿ ಪೆನ್ನು ಕೆಳಗಿಟ್ಟು, "ನಿಧಾನ ಯಜಮಾನರೇ, ಆತುರವಿಲ್ಲ" ಎಂದರು. ಅಪ್ಪನ ಅಂಗಿಯ ಬೆನ್ನು ಒದ್ದೆಯಾಗುತ್ತಿತ್ತು. ಎಷ್ಟು ಹೊತ್ತೋ.

"ಮ್... ಮ... ಮಗಳು."

ಅಧಿಕಾರಿ ಬರೆದುಕೊಂಡರು. ಅಪ್ಪ ಕುರ್ಚಿಗೆ ಕುಸಿದು, ಬಾವಿಯಿಂದ ಮೇಲೆ ಬಂದವನಂತೆ ಉಸಿರೆಳೆದುಕೊಂಡ.

ಅವಳು ಅಮ್ಮನತ್ತ ತಿರುಗಿದಳು.

"ಪದದ ಶುರುವಿಗೆ ಆ ಅಕ್ಷರ ಬಂದ್ರೆ ಚಿಕ್ಕಂದಿನಿಂದ ನಿಮ್ಮಪ್ಪನ ಬಾಯಲ್ಲಿ ಹೊರಡಲ್ಲ ಕಣೇ, ಯಾರಿಗೂ ಹೇಳಬೇಡ ಅಂತ ಆಣೆ ಹಾಕಿಸಿದ್ರು" ಎಂದಳು ಅಮ್ಮ ಮೆಲ್ಲಗೆ. "ಮೂಗಿಗೆ, ಮಳೆಗೆ, ಮನೆಗೆ, ನಿನಗೆ, ಒಂದೊಂದಕ್ಕೂ ಹುಡುಕಿ ಹುಡುಕಿ ಬೇರೆ ದಾರಿ ಮಾಡಿಕೊಂಡಿದ್ರು, ನಿನ್ನೆ ನೀನು ಎಲ್ಲ ದಾರಿಯನ್ನೂ ಮುಚ್ಚಿಬಿಟ್ಟೆ."